ಜೋಡಿನಂಗಡಿಯ ರಾಕೆಟ್ಟು

ಅಮೆರಿಕದ ನೆಬ್ರಾಸ್ಕ ಸಂಸ್ಥಾನದ ನಾರ್ಫೋಕ್ ಎಂಬ ಊರಿನಲ್ಲಿ ಆರ್ವಿಲ್ ಕಾರ್ಲೈಲ್ ಜೋಡಿನ ಅಂಗಡಿ ಇಟ್ಟಿದ್ದನು. ಬಾಣಬಿರುಸು ಅವನ ಗೀಳು. ಸೋದರನಿಗೋ ಆಟದ ವಿಮಾನಗಳ ಹುಚ್ಚು. ಎರಡೂ ಕೂಡಿ 1954ರಲ್ಲಿ ಕಾಗದದ ಪುಟ್ಟ ರಾಕೆಟ್ಟು ಹುಟ್ಟಿತು. ಅದರ ಹೊಟ್ಟೆಯಲ್ಲಿ ಒತ್ತಿ ತುಂಬಿದ ಕರಿಮದ್ದು, ಬುಡದಲ್ಲಿ ಕಿರಿದಾದ ಕಂಠ. ಬಿಸಿ ಅನಿಲ ಕೆಳಗೆ ನುಗ್ಗಿದಂತೆ ರಾಕೆಟ್ಟು ಮೇಲಕ್ಕೆ ಚಿಮ್ಮುವುದು. (ಗಾಳಿಯನ್ನು ಒದ್ದು ಏರುವುದೆಂದು ಬಲ್ಲವರೂ ಭ್ರಮಿಸುವುದುಂಟು, ಗಾಳಿಯಿಲ್ಲದೆಡೆಯೂ ಅದು ಏರಬಲ್ಲುದು.) ಬಳಿಕ ಮಂದವಾಗಿ ಉರಿಯುವ ಪದರವೊಂದು ತುಸು ಹೊತ್ತು ಕಳೆಯುವುದು, ಕೊನೆಯ ಚಿಟಿಕೆ ಮದ್ದು ಸಿಡಿದು ಪ್ಯಾರಾಚೂಟನ್ನು ಹೊರದೂಡುವುದು.

ಆ ದಿನಗಳಲ್ಲಿ ಹುಡುಗರು ಹಿತ್ತಿಲಿನಲ್ಲಿ ಲೋಹದ ಕೊಳವೆಗೆ ಮದ್ದು ಜಡಿದು ಬೆರಳು ಕಳೆದುಕೊಳ್ಳುತ್ತಿದ್ದರು, ಕೆಲವರು ಪ್ರಾಣವನ್ನೇ. 1957ರಲ್ಲಿ ಹ್ಯಾರಿ ಸ್ಟೈನ್ ಎಂಬ ರಾಕೆಟ್ ತಜ್ಞನು ಈ ಕುರಿತು ಬರೆದ ಎಚ್ಚರಿಕೆಯನ್ನೋದಿ ಕಾರ್ಲೈಲ್ ತನ್ನ ಆಟಿಕೆಗಳನ್ನು ಅವನಿಗೆ ಕಳುಹಿಸಿದನು. ಸ್ಟೈನ್ ಹಾರಿಸಿ ನೋಡಿದನು. ಅದೇ ಅಕ್ಟೋಬರಿನಲ್ಲಿ ಸ್ಪುಟ್ನಿಕ್ ಹಾರಿ ಹುಡುಗರ ಹುಮ್ಮಸ್ಸು ಕೆರಳುವ ವೇಳೆಗೆ, ಅವರು ಮದ್ದನ್ನು ಮುಟ್ಟಬೇಕಾಗಿಲ್ಲದ ರಾಕೆಟ್ಟು ಸಿದ್ಧವಾಗಿತ್ತು.