ಮಸುಕಿನಲ್ಲಿ ನಿಂತವರು

ಛಾಯಾಚಿತ್ರದ ಹವ್ಯಾಸವು ಮನೆಯನ್ನು ಹೊಕ್ಕಿತೆಂದರೆ ಮನೆಮಂದಿಗೆಲ್ಲ ಅದರ ಕಾಟವು ತಪ್ಪಿದ್ದಲ್ಲ. ೧೯೮೪ರಲ್ಲಿ ಅಲಖನೂರಿನ ನಮ್ಮ ಮನೆಯ ಹಿಂದಿನ ಕೋಣೆಯು ಕತ್ತಲೆಕೋಣೆಯಾದಾಗ ಕಿಟಕಿಗೆ ಬಿಗಿದುದು ಮುತ್ಯಾನ ಕಂಬಳಿ. ಔಷಧಿಗಳನ್ನು ತಂಪಾಗಿರಿಸಲು ಬಳಸಿದುದು ಆಯಿಯ ಹರವಿಯ ನೀರು. ಆ ಔಷಧಿಗಳಿಗೆ ಸೆಂಟಿಗ್ರೇಡ್ ೨೦ ಅಂಶದ ಶಾಖವು ಸಾಕು. ನಮ್ಮ ಕಡೆಯ ಬೇಸಗೆಯಲ್ಲಿ ನೀರು ತಾನಾಗಿಯೇ ಅದನ್ನು ಮೀರುವುದು, ಫಿಲ್ಮಿನ ಮೇಲಣ ಲೇಪವು ಮೆತ್ತಗಾಗುವುದು. (ಹೈಪೋ ಹಾಕಿದ ತಾಟುಗಳನ್ನು ತಿರುಗಿ ಅಡಿಗೆಮನೆಗೆ ಒಯ್ಯಬಾರದೆಂದು ಗೃಹಿಣಿಯರಿಗೆ ಇಲ್ಲಿಯೇ ಹೇಳಿಬಿಡುವೆವು.)

ನಮ್ಮದು ಎರಡು ಮಸೂರಗಳ ಯಾಶಿಕಾ ಕ್ಯಾಮರಾ. ಮೇಲಿನ ಮಸೂರವು ನೋಡುವುದಕ್ಕೆ, ಕೆಳಗಿನದು ಚಿತ್ರ ಹಿಡಿಯುವುದಕ್ಕೆ. ಮೇಲಿನದರ ಕಂಡಿಯನ್ನು ಕಿರಿದು ಮಾಡಲು ಬಾರದಾದುದರಿಂದ ಗಾಜಿನ ಮೇಲೆ ಮುಂದಿನ ಮುಖವು ನಿಚ್ಚಳವಾಗಿಯೂ, ಹಿಂದಿನದೆಲ್ಲವೂ ಹಾಲಿನಲ್ಲಿ ಕಲೆಸಿದಂತೆಯೂ ಕಾಣುವುದು. ಆ ಅಂದಕ್ಕೆ ನಾವು ಮರುಳಾದೆವು. ೧೯೩೨ರಲ್ಲಿ ಅಮೇರಿಕೆಯ ಎಡ್ವರ್ಡ್ ವೆಸ್ಟನ್, ಆನ್ಸೆಲ್ ಆಡಮ್ಸ್ ಮೊದಲಾದವರು ಹತ್ತಿರದ ಕಲ್ಲೂ ದೂರದ ಬೆಟ್ಟವೂ ಸಮನಾಗಿ ಸ್ಪಷ್ಟವಿರಬೇಕೆಂದು ಹಟತೊಟ್ಟು, ತಮ್ಮ ಗುಂಪಿಗೆ ಅತಿ ಕಿರಿಯ ಕಂಡಿಯ ಹೆಸರನ್ನೇ, ಎಫ್ ೬೪ ಎಂದು, ಇಟ್ಟುಕೊಂಡಿದ್ದರು. ನಮಗೆ ಆಗ ಅದು ರಸವಿಲ್ಲದವರ ಮಾತೆನಿಸಿತ್ತು.

ಒಂದು ಸಂಜೆ ಆಯಿಯು ಕಟ್ಟೆಯ ಮೇಲೆ ಕುಳಿತಿದ್ದಳು. ಐದು ಅಡಿಯ ಅಂತರದಿಂದ, ಎಫ್ ೩.೫ರ ಪೂರ್ತಿ ಕಂಡಿ ತೆರೆದು, ನಾವು ಅವಳ ಚಿತ್ರವನ್ನು ಹಿಡಿಯಹೋದೆವು. ಹಿಂದಿನ ಕೊಟ್ಟಿಗೆ, ಸಗಣಿಯ ಬುಟ್ಟಿ, ಮುರುಕು ಕುಂಟೆ ಒಂದೂ ಕಾಣಬಾರದಿತ್ತು. ಅಷ್ಟರಲ್ಲಿ ಮುತ್ಯಾ ಬಂದು ಕೊಟ್ಟಿಗೆಯ ಬಾಗಿಲಲ್ಲಿ ಕೋಲೂರಿ ನಿಂತನು. ಸರಿಯಲು ಹೇಳೋಣವೆಂದುಕೊಂಡೆವು. ಹೇಗೂ ಕಾಣುವುದಿಲ್ಲವೆಂದು ಸುಮ್ಮನಾದೆವು.

ಮುಂದೆ ೧೯೮೬ರಲ್ಲಿ ಮುತ್ಯಾ ತೀರಿಕೊಂಡನು. ಮನೆಯಲ್ಲಿ ಹುಡುಕಿದರೆ ಅವನ ಬೇರೊಂದು ಚಿತ್ರವಿಲ್ಲ! ಫೋಟೋ ತೆಗೆಸಿದರೆ ಆಯುಷ್ಯವು ಕುಂದುವುದೆಂದು ನಂಬಿದವನು ಅವನು.

ರಾತ್ರಿ ಕೆಂಪು ದೀಪವನ್ನು ಹಚ್ಚಿ ಆ ನೆಗೆಟಿವಿನ ಮೂಲೆಯೊಂದನ್ನೇ ದೊಡ್ಡದು ಮಾಡತೊಡಗಿದೆವು. ಉದಕಮಂಡಲದ, ಈಗ ಮುಚ್ಚಿಹೋಗಿರುವ, ಹಿಂದುಸ್ಥಾನ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಕಾಗದವು ಅದು. ಗಡುಸು ಕಾಗದವನ್ನು ಹಾಕಿದರೆ ಪಟಗದ ಅಂಚು ಎದ್ದಿತು, ಮುಖವು ಏಳಲಿಲ್ಲ. ಉಳಿದೆಡೆಯನ್ನು ಕೈಯಿಂದ ಮರೆಮಾಡಿ ಅಲ್ಲಿಗಷ್ಟೇ ಹೆಚ್ಚು ಬೆಳಕನ್ನು ಕೊಟ್ಟೆವು. ಮಸುಕು ಕಪ್ಪಾಯಿತು, ಅಷ್ಟೆ. ಕೊನೆಗೆ ಲೆಕ್ಕ ಹಾಕಿ ನೋಡಿದೆವು. ಹದಿನಾರು ಅಡಿ ದೂರದ ಮುಖವು ಆ ನೆಗೆಟಿವಿನಲ್ಲಿ ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು; ಅದರ ಒಂದೊಂದು ಬಿಂದುವೂ ಹರಡಿ ಆದ ಮಸುಕು ಒಂದು ಮಿಲಿಮೀಟರಿನ ಸಮೀಪ. ಕಣ್ಣು, ಮೂಗು, ಮೀಸೆಗಳು ಅದರಲ್ಲಿ ಉಳಿಯುವುದೆಂತು? ಎಫ್ ೧೬ಕ್ಕೆ ಇಟ್ಟಿದ್ದರೆ ಆ ಮಸುಕು ಐದರಲ್ಲೊಂದು ಪಾಲು ಆಗುತ್ತಿತ್ತು, ಮುತ್ಯಾನ ಗುರುತು ಸಿಗುತ್ತಿತ್ತು. ಆದರೆ ಕಿರಿಗಂಡಿಗೆ ಹೆಚ್ಚು ಹೊತ್ತಿನ ಬೆಳಕು ಬೇಕು, ಕ್ಯಾಮರಾಕ್ಕೆ ಸ್ಟ್ಯಾಂಡು ಬೇಕು. ಸ್ಟ್ಯಾಂಡು ಒಳಗೆ ಅಟ್ಟದ ಮೇಲಿತ್ತು; ತರಲು ನಮಗೆ ಬೇಸರ ಬಂದಿತ್ತು.

ದೊಡ್ಡ ಪ್ರತಿಯನ್ನು ಆಯಿಯ ಕೈಗೆ ಅಂಜುತ್ತ ಕೊಟ್ಟೆವು. ಅವಳು ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು.

“ಅವರ ಮಾರಿ ಎಲ್ಲೈತೋ ತಮ್ಮಾ ಇದರಾಗ? ಸಣ್ಣದು ಮಾಡಿ ಕೊಡು.”

ಸಣ್ಣ ಪ್ರತಿಯಲ್ಲಿ ಮಸುಕೂ ಸಣ್ಣದಾಗುವುದೆಂಬ ವಿದ್ಯೆಯು ಅವಳಿಗೆ ಎಲ್ಲಿಂದ ಬಂದಿತೋ! ನೆಗೆಟಿವನ್ನು ಕಾಗದದ ಮೇಲಿಟ್ಟು, ಮೇಲೆ ಗಾಜನ್ನು ಒತ್ತಿ, ಎರಡೂಕಾಲು ಅಂಗುಲದ ಪ್ರತಿಯನ್ನು ತೆಗೆದು ಕೊಟ್ಟೆವು. ಮುಂದೆ ಕುಳಿತ ತನ್ನನ್ನು ಅವಳು ನೋಡಲೇ ಇಲ್ಲ. “ನಿಂತಿದ್ದು ಅವರ ಗತೇನ ಐತಿ,” ಎಂದು ಅದನ್ನು ಎಲೆಯಡಿಕೆಯ ಸಂಚಿಯಲ್ಲಿಟ್ಟುಕೊಂಡಳು. ಸುಣ್ಣದ ಕಲೆ ಹತ್ತಿದ ಆ ಪ್ರತಿಯು ಈಗ ನಮ್ಮಲ್ಲಿದೆ.