ಆಡೂರಿನ ದಾರಿಯಲ್ಲಿ ಕಾದ ಎಂಟುನೂರು

ಅಪ್ಪನ 1998ರ ಮಾರುತಿ 800 ಮಾರುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಎಂಜಿನ್ ಪದೇ ಪದೇ ಕಾಯುತ್ತಿತ್ತು. ಹುಬ್ಬಳ್ಳಿಯ ಒಂದು ಗ್ಯಾರೇಜಿನವರು "ಹೆಡ್ ಗ್ಯಾಸ್ಕೆಟ್ ಹೋಗೇತ್ರಿ, ಹದಿನೆಂಟು ಸಾವಿರ ಆಗ್ತದ" ಅಂದಿದ್ದರು. ಗಾಡಿ ಮಾರಿದರೂ ಅದಕ್ಕಿಂತ ಬಹಳ ಏನೂ ಬರುತ್ತಿರಲಿಲ್ಲ. ಸೋಮವಾರ ಗಿರಾಕಿ ಬರುವವರಿದ್ದರು. ಹಿಂದಿನ ದಿನ ಅಪ್ಪ, "ಒಂದ್ಸಲ ಆಡೂರಿಗೆ ಹೋಗಿ ಬರೋಣು, ಇದರಾಗನ" ಅಂದರು. ಕಣ್ಣಿನ ಆಪರೇಷನ್ ಆದಮೇಲೆ ಅವರು ಸ್ಟೇರಿಂಗ್ ಹಿಡಿದಿಲ್ಲ. ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ.

ಹಾವೇರಿ ದಾಟುವವರೆಗೂ ಟೆಂಪರೇಚರ್ ಮುಳ್ಳು ಅರ್ಧದ ಕೆಳಗೇ ಇತ್ತು. ಆಡೂರು ಇನ್ನೇನು ಬಂತು ಅನ್ನುವಾಗ ಮೆಕ್ಕೆಜೋಳ ಹೇರಿದ ಟ್ರ್ಯಾಕ್ಟರ್ ಸಿಕ್ಕಿತು. ಅದರ ಹಿಂದೆ ಸೆಕೆಂಡ್ ಗೇರಿನಲ್ಲಿ ಹತ್ತು ನಿಮಿಷ ಹೋಗಿರಬೇಕು, ಮುಳ್ಳು ಕೆಂಪು ಗೆರೆ ಮುಟ್ಟಿತು. ಬೇವಿನ ಮರದ ಕೆಳಗೆ ನಿಲ್ಲಿಸಿ ಬಾನೆಟ್ ಎತ್ತಿದರೆ ಬುಸ್ ಅಂತ ಹಬೆ. ನಾನು ಬಾಟಲಿ ಹಿಡಿದು ರೇಡಿಯೇಟರ್ ಕಡೆ ಬಗ್ಗಿದ್ದೇ ತಡ, ಅಪ್ಪ ಗದರಿದರು: "ಕ್ಯಾಪಿಗೆ ಕೈ ಹಚ್ಚಬ್ಯಾಡ!"

ರೇಡಿಯೇಟರಿನೊಳಗೆ ನೀರು ಒತ್ತಡದಲ್ಲಿರುತ್ತದೆ, ಹಾಗಾಗಿ ನೂರು ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಚ್ಚಳ ತೆಗೆದೊಡನೆ ಒತ್ತಡ ಇಳಿದು, ನೀರು ಹಬೆಯಾಗಿ ಮುಖಕ್ಕೇ ಚಿಮ್ಮುತ್ತದೆ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿದರೆ ಅಲ್ಯುಮಿನಿಯಂ ಹೆಡ್ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಕಾಯುವುದೊಂದೇ ದಾರಿ.

ಹಾಗೆ ಕಾಯುತ್ತ ಕಲ್ಲೇಶ್ವರ ಗುಡಿಗೆ ನಡೆದೆವು. ಆಡೂರು ಸಣ್ಣ ಊರಾದರೂ ಶಾಸನ ಓದುವವರಿಗೆ ದೊಡ್ಡ ಹೆಸರು. ಬಾದಾಮಿ ಚಾಲುಕ್ಯರ ಕೀರ್ತಿವರ್ಮನ ಹೆಸರಿರುವ ಹಳಗನ್ನಡದ ಶಾಸನ ಸಿಕ್ಕಿದ್ದು ಇಲ್ಲಿಯೇ, ಅದರಲ್ಲಿ ಜಿನಾಲಯಕ್ಕೆ ಕೊಟ್ಟ ದತ್ತಿಯ ಮಾತಿದೆ. ಅಪ್ಪ ಗುಡಿಯ ಕಟ್ಟೆಯ ಮೇಲೆ ಕೂತರು, ಏನೂ ಮಾತಾಡಲಿಲ್ಲ. ನನಗೋ ಸೋಮವಾರದ್ದೇ ಚಿಂತೆ.

ವಾಪಸ್ ಬರುವಾಗ ಟ್ರ್ಯಾಕ್ಟರ್ ರಿಪೇರಿ ಮಾಡುವವರೊಬ್ಬರು ಸಿಕ್ಕರು. ಗಾಡಿ ಮುಟ್ಟುವ ಮೊದಲೇ ಒಂದು ಪ್ರಶ್ನೆ ಕೇಳಿದರು: "ಓಡುವಾಗ ಕಾಯ್ತೈತೇನ್ರಿ, ನಿಂತಾಗ ಕಾಯ್ತೈತೇನ್ರಿ?"

ಹುಬ್ಬಳ್ಳಿಯಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಗಾಡಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ, ನಿಧಾನ ಹೋಗುವಾಗ ಫ್ಯಾನೇ ಗತಿ. ಜೋರಾಗಿ ಓಡಿಸುವಾಗ ಕಾದರೆ ರೇಡಿಯೇಟರ್ ಕಟ್ಟಿರಬಹುದು, ಥರ್ಮೋಸ್ಟಾಟ್ ಹಿಡಿದಿರಬಹುದು, ಇಲ್ಲವೇ ವಾಟರ್ ಪಂಪ್ ಕೈಕೊಟ್ಟಿರಬಹುದು. ನಮ್ಮದು ನಿಧಾನದ ಕಾಯಿಲೆ.

"ಗ್ಯಾಸ್ಕೆಟ್ ಅಂದಾರ್ರಿ" ಎಂದೆ. ಅವರು ಡಿಪ್‌ಸ್ಟಿಕ್ ಎಳೆದು ತೋರಿಸಿದರು. ಆಯಿಲ್ ಕರ್ರಗಿತ್ತು. ನೀರು ಸೇರಿದ್ದರೆ ಹಾಲು ಹಾಕಿದ ಚಹಾದಂತೆ ಕಾಣುತ್ತದಂತೆ. ಪೂರಾ ಆರಿದ ಮೇಲೆ ಕ್ಯಾಪ್ ತೆಗೆದು ನೀರು ತುಂಬಿಸಿ ಸ್ಟಾರ್ಟ್ ಮಾಡಿಸಿದರು. ಗುಳ್ಳೆಗಳು ಏಳಲಿಲ್ಲ, ಸೈಲೆನ್ಸರಿನಲ್ಲಿ ಬಿಳಿ ಹೊಗೆಯೂ ಇಲ್ಲ. ಆಮೇಲೆ ಫ್ಯಾನಿನ ವೈರ್ ಬಿಚ್ಚಿ ನೇರ ಬ್ಯಾಟರಿಗೆ ಹಚ್ಚಿದರು. ಗುಂಯ್ ಅಂತ ತಿರುಗಿತು!

ಮೋಟರ್ ಗಟ್ಟಿ ಇದೆ, ಕರೆಂಟು ಬರುತ್ತಿಲ್ಲ, ಅಷ್ಟೇ. ಬಿಸಿ ನೋಡಿ ಫ್ಯಾನ್ ಚಾಲೂ ಮಾಡುವ ಸ್ವಿಚ್ಚಿನ ಕನೆಕ್ಟರ್ ಹಸಿರು ಕಿಲುಬು ಹಿಡಿದಿತ್ತು. ಸ್ಯಾಂಡ್‌ಪೇಪರ್ ಹಾಕಿ ಉಜ್ಜಿ, ಟೇಪ್ ಸುತ್ತಿದರು. ಎಂಜಿನ್ ಚಾಲೂ ಇಟ್ಟು ಮೂವರೂ ಮುಳ್ಳನ್ನೇ ನೋಡುತ್ತ ನಿಂತೆವು. ಮುಳ್ಳು ಅರ್ಧ ದಾಟಿತು. ಫ್ಯಾನ್ ತಾನಾಗಿ ತಿರುಗಿತು, ಮುಳ್ಳು ಇಳಿಯಿತು. ನೂರೈವತ್ತು ರೂಪಾಯಿ ತೊಗೊಂಡು, "ಸ್ವಿಚ್ ಹೊಸಾದು ಹಾಕಸ್ರಿ ಮತ್ತ" ಅಂದರು.

ದಾರಿಯುದ್ದಕ್ಕೂ ಅಪ್ಪ ಕಿಟಕಿಯ ಕಡೆಗೇ ನೋಡುತ್ತಿದ್ದರು. ಹಾವೇರಿಯಲ್ಲಿ ಚಹಾಕ್ಕೆ ನಿಂತಾಗ ಮಾತ್ರ, "ನಾಳೆ ಬರೋ ಅವರ ನಂಬರ್ ಕೊಡು, ನಾನ ಮಾತಾಡ್ತೀನಿ" ಅಂದರು.

ನಾನು ನಂಬರ್ ಕೊಟ್ಟೆ.