ಜೆ.ಸಿ. ರಸ್ತೆಯಲ್ಲಿ ಹಳೆಯ ಹೊಗೆ

ಬೆಂಗಳೂರಿನ ಪುರಭವನಕ್ಕೂ ಮಿನರ್ವ ವೃತ್ತಕ್ಕೂ ನಡುವೆ ಚಾಚಿಕೊಂಡಿರುವ ಜಯಚಾಮರಾಜೇಂದ್ರ ರಸ್ತೆಯನ್ನು ಪೂರ್ತಿ ಹೆಸರಿನಿಂದ ಕರೆಯುವವರು ಅಪರೂಪ. ಊರಿಗೆಲ್ಲ ಅದು ಜೆ.ಸಿ. ರಸ್ತೆ. ನಾಟಕದ ಹುಚ್ಚಿರುವವರಿಗೆ ರವೀಂದ್ರ ಕಲಾಕ್ಷೇತ್ರದ ದಾರಿ. ವಾಹನ ಇಟ್ಟುಕೊಂಡವರಿಗೆ ಬಿಡಿಭಾಗಗಳ ಸಂತೆ. ಹಾರನ್, ಹೆಡ್‌ಲೈಟು, ರಬ್ಬರ್ ಮ್ಯಾಟು, ಸ್ಟಿಯರಿಂಗ್ ಕವರು ಅಂಗಡಿಯ ಬಾಗಿಲಲ್ಲೇ ತೋರಣದಂತೆ ತೂಗುತ್ತಿರುತ್ತವೆ. ಕಾರೊಂದು ಸ್ವಲ್ಪ ನಿಧಾನಿಸಿದರೆ ಸಾಕು, ಹುಡುಗನೊಬ್ಬ ಕಿಟಕಿಯ ಪಕ್ಕದಲ್ಲೇ ಓಡುತ್ತ, ‘ಸೀಟ್ ಕವರ್ ಸಾರ್?’ ಎನ್ನುತ್ತಾನೆ.

ಇಲ್ಲಿಗೆ ಬರುವವರಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಬಹಳ. ಅಂಥದೇ ಒಂದು ಕುಟುಂಬ ತುಮಕೂರಿನಿಂದ ಬಂದಿತ್ತು: ತಂದೆ, ತಾಯಿ, ಒಂಬತ್ತನೇ ತರಗತಿಯ ಮಗಳು. ಕಾರಿನ ಬಣ್ಣ, ಎಂಜಿನ್ನು, ಟೈರು ಎಲ್ಲವೂ ಸರಿಯಾಗಿದ್ದವು. ತೊಂದರೆ ಒಂದೇ. ಹಿಂದಿನ ಯಜಮಾನರು ಕಾರಿನೊಳಗೇ ಸಿಗರೇಟು ಸೇದುತ್ತಿದ್ದರು. ಮಗಳಿಗೆ ಚಿಕ್ಕಂದಿನಿಂದ ಉಬ್ಬಸ. ‘ಈ ಘಾಟು ಹೋಗೋವರೆಗೂ ಅವಳನ್ನ ಇದರಲ್ಲಿ ಸ್ಕೂಲಿಗೆ ಕಳಿಸಲ್ಲ’ ಎಂದು ತಾಯಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ವಾಸನೆ ಹೋಗಬೇಕು, ಇಲ್ಲವೇ ನಷ್ಟವಾದರೂ ಸರಿ, ಕಾರನ್ನು ಮಾರಬೇಕು.

ಕೊಳ್ಳುವಾಗ ಗೊತ್ತಾಗಲಿಲ್ಲವೇ? ಇಲ್ಲ! ಡಿಸೆಂಬರಿನ ಬೆಳಗ್ಗೆ ಏಳು ಗಂಟೆಗೆ, ನಾಲ್ಕೂ ಗಾಜು ಇಳಿಸಿ, ಕನ್ನಡಿಗೆ ಸುಗಂಧದ ಪುಟ್ಟ ಶೀಷೆ ತೂಗುಹಾಕಿ ತೋರಿಸಿದ್ದರು. ಮೂರು ದಿನ ಬಿಟ್ಟು ಮಧ್ಯಾಹ್ನದ ಬಿಸಿಲಲ್ಲಿ ನಿಂತಿದ್ದ ಕಾರಿನ ಬಾಗಿಲು ತೆರೆದಾಗ ಕಮಟು ಘಾಟು ಮುಖಕ್ಕೆ ರಾಚಿತು. ಇದರಲ್ಲಿ ಮಾಯವೇನೂ ಇಲ್ಲ. ಸಿಗರೇಟಿನ ಹೊಗೆ ಕಿಟಕಿಯಿಂದ ಪೂರ್ತಿ ಹೊರಗೆ ಹೋಗುವುದಿಲ್ಲ. ಅದರಲ್ಲಿರುವ ಟಾರು, ನಿಕೋಟಿನ್ ಮುಂತಾದವು ತೆಳುವಾದ ಪೊರೆಯಾಗಿ ಗಾಜು, ಬಟ್ಟೆ, ಪ್ಲಾಸ್ಟಿಕ್ಕಿನ ಮೇಲೆ ಅಂಟಿಕೊಳ್ಳುತ್ತವೆ. ತಂಪಿನಲ್ಲಿ ಸುಮ್ಮನಿರುತ್ತವೆ. ಬಿಸಿಲಿಗೆ ನಿಂತ ಕಾರಿನೊಳಗಿನ ಉಷ್ಣತೆ 50 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ. ಆಗ ಆವಿಯಾಗಿ ಮತ್ತೆ ಗಾಳಿಗೇಳುತ್ತವೆ. ಹಳೆಯ ಕಾರು ನೋಡಲು ಹೋಗುವವರು ನಡುಮಧ್ಯಾಹ್ನ, ಗಾಜು ಏರಿಸಿ ನಿಲ್ಲಿಸಿದ ಕಾರನ್ನೇ ನೋಡುವುದು ಮೇಲು.

ಮೊದಲ ಅಂಗಡಿಯವರು ಸಲೀಸಾದ ಉಪಾಯ ಹೇಳಿದರು. ಹಳೆಯ ಸೀಟಿನ ಮೇಲೇ ಹೊಸ ಕವರು, ಜೊತೆಗೊಂದು ಪರ್ಫ್ಯೂಮ್ ಬಾಟಲು. ವ್ಯಾಪಾರವೆಂದರೆ ವ್ಯಾಪಾರ, ತಪ್ಪೆನ್ನುವಂತಿಲ್ಲ. ಆದರೆ ಇದು ಒಗೆಯದ ಅಂಗಿಯ ಮೇಲೆ ಇಸ್ತ್ರಿ ಮಾಡಿದ ಕೋಟು ತೊಟ್ಟಂತೆ.

ಅಲ್ಲೇ ಒಳಗಿನ ಸಂದಿಯಲ್ಲಿ ಕುಷನ್ ಕೆಲಸದ ಪುಟ್ಟ ಅಂಗಡಿ. ನರೆತ ಗಡ್ಡದ ಯಜಮಾನರು ಬೆಲೆಯ ಮಾತೇ ಎತ್ತದೆ ಬಿಳಿ ಬಟ್ಟೆಯೊಂದನ್ನು ಒದ್ದೆ ಮಾಡಿ ಮುಂದಿನ ಗಾಜಿನ ಒಳಮೈ ಒರೆಸಿದರು. ಬಟ್ಟೆ ಚಹಾ ಸೋಸಿದ ಹಾಗೆ ಕಂದಾಯಿತು. ‘ಸೀಟು ಆಮೇಲೆ ನೋಡೋಣ ಸಾರ್. ಹೊಗೆ ಮೇಲಕ್ಕೆ ಹೋಗುತ್ತೆ ಅಲ್ವಾ? ಮೊದಲು ರೂಫ್ ಇಳಿಸಬೇಕು’ ಎಂದರು. ಬಿಸಿ ಹೊಗೆ ಮೇಲೇರುತ್ತದೆಂಬ ಪಾಠವನ್ನು ಅವರು ಯಾವ ಪುಸ್ತಕದಲ್ಲೂ ಓದಿರಲಾರರು. ಚಾವಣಿಯ ಒಳಹೊದಿಕೆಯನ್ನು ಬಿಚ್ಚಿ ಬೆಳಕಿಗೆ ಹಿಡಿದಾಗ, ಚಾಲಕನ ತಲೆಯ ನೇರಕ್ಕೆ ಊಟದ ತಟ್ಟೆಯಷ್ಟಗಲದ ಹಳದಿ ಕಲೆ ಕಂಡಿತು. ತಾಯಿ ಮೂಗಿಗೆ ಸೆರಗು ಹಿಡಿದರು.

ಆ ಹೊದಿಕೆ ಎಂದರೆ ತೆಳು ಸ್ಪಂಜಿನ ಮೇಲೆ ಗೋಂದಿನಿಂದ ಅಂಟಿಸಿದ ಬಟ್ಟೆ. ಧಾರಾಳವಾಗಿ ನೀರು ಸುರಿದು ಉಜ್ಜಿದರೆ ಗೋಂದು ಬಿಟ್ಟು ಬಟ್ಟೆ ಜೋತುಬೀಳುತ್ತದೆ. ಹಿಂಡಿದ ಬಟ್ಟೆಯಿಂದ ಒತ್ತಿ ಒತ್ತಿ ತೆಗೆಯಬೇಕು. ತೀರ ಕೆಟ್ಟಿದ್ದರೆ ಬಟ್ಟೆಯನ್ನೇ ಬದಲಿಸಬೇಕು. ಇಲ್ಲಿ ಬದಲಿಸಿದರು.

ಗಾಜು, ಡ್ಯಾಶ್‌ಬೋರ್ಡ್, ಬಾಗಿಲುಗಳಿಗೆ ಯಜಮಾನರು ಬಳಸಿದ್ದು ನೀರು ಬೆರೆಸಿದ ವಿನೆಗರ್. ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದ ಸ್ವಾರಸ್ಯವಿದೆ. ನಿಕೋಟಿನ್ ದುರ್ಬಲ ಪ್ರತ್ಯಾಮ್ಲ, ವಿನೆಗರ್ ಆಮ್ಲ. ಎರಡೂ ಸೇರಿದರೆ ಲವಣವಾಗುತ್ತದೆ. ಲವಣ ಆವಿಯಾಗದೆ ನೀರಿನಲ್ಲಿ ಕರಗಿ ಬಟ್ಟೆಗೆ ಬರುತ್ತದೆ. ಎಲ್ಲರೂ ಸಲಹೆ ಕೊಡುವ ಅಡುಗೆ ಸೋಡಾ ಸ್ವತಃ ಪ್ರತ್ಯಾಮ್ಲೀಯ. ಹೊಗೆಯಲ್ಲಿನ ಹುಳಿ ಜಾತಿಯ ವಾಸನೆಗಳನ್ನು ಅದು ಹಿಡಿಯುತ್ತದೆ, ನಿಕೋಟಿನ್ನನ್ನು ಹಿಡಿಯಲಾರದು. ಹಾಗಾಗಿ ನೆಲದ ಕಾರ್ಪೆಟ್ಟಿಗೆ ರಾತ್ರಿ ಸೋಡಾ ಉದುರಿಸಿ ಬೆಳಗ್ಗೆ ವ್ಯಾಕ್ಯೂಮ್ ಹಿಡಿಯುವುದು ಒಳ್ಳೆಯದೇ, ಆದರೆ ಅಷ್ಟಕ್ಕೇ ಕೆಲಸ ಮುಗಿಯದು.

ಇನ್ನು ಏಸಿ. ಗಾಜು ಏರಿಸಿ, ಒಳಗಿನ ಗಾಳಿಯನ್ನೇ ತಿರುಗಿಸುತ್ತ ಸೇದಿದವರ ಹೊಗೆಯೆಲ್ಲ ತಂಪು ಮಾಡುವ ಒದ್ದೆ ಸುರುಳಿಯ ಮೇಲಿನಿಂದಲೇ ಹಾದಿರುತ್ತದೆ. ಅದನ್ನು ನೊರೆಯ ಕ್ಲೀನರಿನಿಂದ ತೊಳೆದು, ಕ್ಯಾಬಿನ್ ಫಿಲ್ಟರ್ ಇದ್ದರೆ ಹೊಸದು ಹಾಕದಿದ್ದರೆ ಉಳಿದ ದುಡಿಮೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಉಳಿದ ವಾಸನೆಗೆ ಇದ್ದಿಲ ಚೀಲ ಇಡುತ್ತಾರೆ. ಒಲೆಯ ಇದ್ದಿಲು ಅಷ್ಟಾಗಿ ಸಾಲದು. ತೆಂಗಿನ ಚಿಪ್ಪಿನಿಂದ ಮಾಡಿದ ಸಕ್ರಿಯ ಇದ್ದಿಲು ಬೇಕು. ಅದರ ಒಂದು ಗ್ರಾಮಿನೊಳಗಿನ ಸೂಕ್ಷ್ಮ ರಂಧ್ರಗಳ ಮೈಯೆಲ್ಲ ಹರವಿದರೆ ಸುಮಾರು ಸಾವಿರ ಚದರ ಮೀಟರ್ ಆದೀತು!

ಓಜೋನ್ ಯಂತ್ರವನ್ನೂ ಒಬ್ಬರು ಬಾಡಿಗೆಗೆ ತಂದುಕೊಡುತ್ತೇನೆಂದರು. ಓಜೋನ್ ವಾಸನೆಯ ಕಣಗಳನ್ನು ಒಡೆಯುತ್ತದೆ, ನಿಜ. ಶ್ವಾಸಕೋಶವನ್ನೂ ಕೆರಳಿಸುತ್ತದೆ, ರಬ್ಬರನ್ನೂ ಬಿರುಕುಗೊಳಿಸುತ್ತದೆ. ಉಬ್ಬಸದ ಮಗುವಿನ ಕಾರಿಗೆ ಬೇಡವೆಂದು ತಂದೆ ಕೈಯಾಡಿಸಿದ್ದೇ ಸರಿ.

ಬರಿಯ ವಾಸನೆಗೆ ಇಷ್ಟೆಲ್ಲ ರಂಪವೇ ಎನ್ನುವವರಿದ್ದಾರೆ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಅಧ್ಯಯನ ಅವರು ತಿಳಿಯಬೇಕಾದದ್ದು. ಮೇಲ್ಮೈಗೆ ಅಂಟಿದ ನಿಕೋಟಿನ್, ಗಾಳಿಯಲ್ಲಿರುವ ನೈಟ್ರಸ್ ಆಮ್ಲದೊಡನೆ ವರ್ತಿಸಿ ಕ್ಯಾನ್ಸರ್‌ಕಾರಕ ನೈಟ್ರೋಸಮೀನುಗಳಾಗುತ್ತದೆಂದು ಅವರು ತೋರಿಸಿದರು. ಧೂಮಪಾನಿಯೊಬ್ಬನ ವಾಹನದ ಒಳಮೈಯಲ್ಲೇ ಅಂಥ ವಸ್ತುಗಳು ಸಿಕ್ಕವು. ಇದಕ್ಕೆ ‘ಮೂರನೆಯ ಕೈ ಹೊಗೆ’ ಎನ್ನುತ್ತಾರೆ: ಸೇದಿದವನದೂ ಅಲ್ಲ, ಪಕ್ಕದಲ್ಲಿದ್ದವನದೂ ಅಲ್ಲ, ಆಮೇಲೆ ಬಂದು ಕೂತವನ ಪಾಲಿನದು. ಎಷ್ಟು ಅಪಾಯವೆಂಬ ಲೆಕ್ಕ ಇನ್ನೂ ನಡೆದಿದೆ. ನಮ್ಮ ದೇಶದಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ 2008ರ ಅಕ್ಟೋಬರ್ 2ರಿಂದ ಧೂಮಪಾನ ನಿಷೇಧ ಬಿಗಿಯಾಯಿತು. ಇಂಗ್ಲೆಂಡಿನಲ್ಲಿ 2015ರ ಅಕ್ಟೋಬರಿನಿಂದ, 18 ವರ್ಷದೊಳಗಿನವರು ಕೂತಿರುವ ಖಾಸಗಿ ಕಾರಿನಲ್ಲೂ ಸೇದುವಂತಿಲ್ಲ.

ಮರುದಿನ ಮಧ್ಯಾಹ್ನ ಕುಟುಂಬ ಮತ್ತೆ ಬಂದಿತು. ಯಜಮಾನರು ಕಾರನ್ನು ಬಿಸಿಲಿಗೆ ನಿಲ್ಲಿಸಿ ಗಾಜು ಏರಿಸಿಟ್ಟಿದ್ದರು. ‘ಎರಡು ದಿನದಿಂದ ಇದರಲ್ಲೇ ಇದೀನಿ, ನನ್ನ ಮೂಗಿಗೆ ಗೊತ್ತಾಗಲ್ಲಮ್ಮ. ನೀವೇ ನೋಡಿ’ ಎಂದರು. ಒಂದೇ ವಾಸನೆಯಲ್ಲಿ ಕೂತ ಮೂಗು ಅದನ್ನು ಗುರುತಿಸುವುದನ್ನು ಬಿಟ್ಟುಬಿಡುತ್ತದೆ. ಸೇದುವವರಿಗೆ ತಮ್ಮ ಕಾರಿನ ಘಾಟು ತಿಳಿಯದಿರುವುದೂ ಇದೇ ಕಾರಣಕ್ಕೆ.

ತಾಯಿ ಮೊದಲು ತಲೆ ಹಾಕಿದರು. ಮುಖ ಸಡಿಲವಾಯಿತು. ಮಗಳು ಒಳಗೆ ಕೂತು ಸೀಟು ಮೂಸಿದಳು, ಚಾವಣಿಗೆ ಮೂಗು ಹಿಡಿದಳು, ಏಸಿ ಹಾಕಿಸಿ ನೋಡಿದಳು. ಕೊನೆಗೆ ಚಾಲಕನ ಸೀಟ್ ಬೆಲ್ಟನ್ನು ಸುರುಳಿಯಿಂದ ಪೂರ್ತಿ ಹೊರಗೆಳೆದು ಮುಖದ ಹತ್ತಿರ ತಂದಳು.

‘ಅಪ್ಪ, ಇದರಲ್ಲಿ ಇನ್ನೂ ಇದೆ.’

ಯಜಮಾನರು ನಕ್ಕು, ಸೋಪು ನೀರಿನ ಬಕೆಟ್ಟು ತರಲು ಹುಡುಗನನ್ನು ಕಳಿಸಿದರು. ಬೆಲ್ಟು ಪೂರ್ತಿ ಒಣಗುವ ತನಕ ಒಳಗೆ ಸುತ್ತಿಕೊಳ್ಳದಂತೆ ಬಟ್ಟೆ ಹಾಕುವ ಕ್ಲಿಪ್ಪು ಸಿಕ್ಕಿಸಬೇಕಾಯಿತು. ಕಾರು ತುಮಕೂರಿನ ದಾರಿ ಹಿಡಿದಾಗ ಸಂಜೆ ಐದೂವರೆ.